ಹೊಗೆಸೊಪ್ಪು ಇಡುವ ಜಾಗದಲ್ಲಿ ಬಿಳಿ ಮಚ್ಚೆ: ಬರೀ ಅಡಿಕೆಗೆ ಬದಲಾದರೆ ಸಾಕಾ?

ಪ್ರಶ್ನೆ: ನನಗೆ 47 ವರ್ಷ. ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ ಇದೆ. ಸುಮಾರು 20 ವರ್ಷದಿಂದ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಹಾಕುತ್ತೇನೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಯಾವಾಗಲೂ ಎಡಗಡೆ ಕೆಳದವಡೆಯ ಪಕ್ಕ ಒತ್ತಿ ಇಟ್ಟುಕೊಳ್ಳುವುದು ಅಭ್ಯಾಸ. ಈಗ ಅದೇ ಜಾಗದಲ್ಲಿ ಬಿಳಿ ಮಚ್ಚೆ ಆಗಿದೆ. ನಾಲಿಗೆಗೆ ಒರಟಾಗಿ ತಾಗುತ್ತದೆ, ನೋವಿಲ್ಲ. ಒಂದು ವರ್ಷದಿಂದ ಖಾರ ತಿಂದರೆ ಬಾಯಿ ಪೂರ್ತಿ ಉರಿಯುತ್ತದೆ. ಪಂದಿಕರಿ ಮುಟ್ಟುವ ಹಾಗಿಲ್ಲ. ಬಾಯಿ ಮೊದಲಿನಷ್ಟು ತೆರೆಯುವುದೂ ಇಲ್ಲ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಅಥವಾ ಪಾನ್ ಮಸಾಲ ಹಾಕು, ಸರಿಹೋಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಡಾಕ್ಟರ ಹತ್ತಿರ ಹೋದರೆ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದೂ ಹೆದರಿಸಿದ್ದಾರೆ. ನನ್ನ ಅಮ್ಮ 84 ವರ್ಷದವರೆಗೂ ಹೊಗೆಸೊಪ್ಪು ಹಾಕುತ್ತಿದ್ದರು, ಅವರಿಗೇನೂ ಆಗಲಿಲ್ಲ. ಇದು ಕ್ಯಾನ್ಸರಾ? ಬಿಟ್ಟರೆ ಹೋಗುತ್ತಾ? ನಮ್ಮ ಲೈನ್ ಮನೆಯಲ್ಲಿ ಇರುವ ಕೆಲಸದವರೂ ಹಾಕುತ್ತಾರೆ. ಅವರಿಗೂ ತೋರಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಭಯ ಇದೆ, ಇದು ಕ್ಯಾನ್ಸರಾ ಅಂತ. ಅದಕ್ಕೆ ಪತ್ರ ಓದಿ ಉತ್ತರ ಹೇಳಲು ಆಗುವುದಿಲ್ಲ. ಬಾಯಿ ನೋಡಿದರೂ ಕೆಲವು ಸಲ ಹೇಳಲು ಆಗುವುದಿಲ್ಲ. ಆದ್ದರಿಂದ ಈ ವಾರವೇ ಹೋಗಿ ತೋರಿಸಿ. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ.

ಆದರೆ ನೀವು ಬರೆದಿರುವುದರಿಂದ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮ ಬಾಯಲ್ಲಿ ಇರುವುದು ಒಂದು ತೊಂದರೆಯಲ್ಲ, ಬಹುಶಃ ಎರಡು. ಬಿಳಿ ಮಚ್ಚೆ ಒಂದು. ಉರಿ ಮತ್ತು ಬಾಯಿ ಬಿಗಿಯುವುದು ಇನ್ನೊಂದು. ಮೊದಲನೆಯದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪು. ಎರಡನೆಯದಕ್ಕೆ ಮುಖ್ಯ ಕಾರಣ ಅಡಿಕೆ. ಒಂದು ಹಿಂದೆ ಸರಿಯುವ ಸಾಧ್ಯತೆ ಚೆನ್ನಾಗಿದೆ. ಇನ್ನೊಂದು ಪೂರ್ತಿ ಹಿಂದೆ ಸರಿಯುವುದಿಲ್ಲ, ಆದರೆ ಮುಂದೆ ಹೋಗದ ಹಾಗೆ ತಡೆಯಬಹುದು. ಈ ವ್ಯತ್ಯಾಸ ಗೊತ್ತಾಗದೇ ಎಷ್ಟೋ ಜನ ಹೊಗೆಸೊಪ್ಪು ಬಿಟ್ಟೆ ಎಂಬ ಸಮಾಧಾನದಲ್ಲಿ ಅಡಿಕೆ ಜಗಿಯುತ್ತಾ ಇರುತ್ತಾರೆ. ಬಾಯಿ ಮಾತ್ರ ಬಿಗಿಯುತ್ತಲೇ ಹೋಗುತ್ತದೆ.

ಮೊದಲು ಬಿಳಿ ಮಚ್ಚೆ. ಕೆನ್ನೆಯ ಒಳಗಿನ ಚರ್ಮ ಹೊರಗಿನ ಚರ್ಮದ ಹಾಗಲ್ಲ. ಅದು ತೆಳು, ಒದ್ದೆ, ರಕ್ತನಾಳಗಳು ಹತ್ತಿರದಲ್ಲೇ ಇರುತ್ತವೆ. ಕುಶಾಲನಗರ ದಾಟಿ ಸ್ವಲ್ಪ ಮುಂದೆ ಹೋದರೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳು ಸಿಗುತ್ತವಲ್ಲ, ಅಂಥ ಹೊಲದಲ್ಲಿ ಒದ್ದೆ ಎಲೆ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಕೈಯ ದಪ್ಪ ಚರ್ಮದ ಮೂಲಕವೇ ನಿಕೋಟಿನ್ ಒಳಗೆ ಹೋಗುತ್ತದೆ. ಹಾಗಿದ್ದ ಮೇಲೆ ಕೆನ್ನೆಯೊಳಗೆ ಅರ್ಧ ಗಂಟೆ ಒತ್ತಿಟ್ಟ ಸೊಪ್ಪಿನಿಂದ ಎಷ್ಟು ಹೋಗಬಹುದು, ನೀವೇ ಯೋಚಿಸಿ.

ಸುಣ್ಣ ಅದನ್ನು ಇನ್ನೂ ಸುಲಭ ಮಾಡುತ್ತದೆ. ಸುಣ್ಣ ಕ್ಷಾರ. ಕ್ಷಾರ ಸೇರಿದರೆ ನಿಕೋಟಿನ್ ಬಾಯಿಯ ಚರ್ಮವನ್ನು ಬೇಗ ದಾಟಿ ರಕ್ತಕ್ಕೆ ಸೇರುವ ರೂಪಕ್ಕೆ ಬರುತ್ತದೆ. ಸುಣ್ಣ ಹಾಕಿದ ಸೊಪ್ಪು ಜೋರಾಗಿ ಹಿಡಿಯುವುದು ಇದಕ್ಕೇ. ಸುಣ್ಣವೇ ನೇರವಾಗಿ ಆ ಜಾಗವನ್ನು ಸುಡುತ್ತದೆ ಕೂಡ. ನಿಕೋಟಿನ್ ಚಟ ಹಿಡಿಸುತ್ತದೆ, ಕ್ಯಾನ್ಸರ್ ತರುವುದು ಅದರ ಜೊತೆಗಿರುವ ಬೇರೆ ರಾಸಾಯನಿಕಗಳು. ಹೊಗೆ ಇಲ್ಲದ ತಂಬಾಕಿನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಕನಿಷ್ಠ 28 ಇವೆ. ಅವುಗಳಲ್ಲಿ ಕೆಟ್ಟವು ನೈಟ್ರೋಸಮೈನ್‌ಗಳು. ಎಲೆ ಒಣಗಿಸಿ ಹದ ಮಾಡುವಾಗಲೇ ಅವು ಹುಟ್ಟಿಕೊಳ್ಳುತ್ತವೆ. ಹಾಗಾಗಿ ಪ್ಯಾಕೆಟ್ಟಿನದು ಕೆಟ್ಟದ್ದು, ಸಂತೆಯಲ್ಲಿ ತಂದ ಒಣ ಸೊಪ್ಪು ಶುದ್ಧ ಎಂಬ ಮಾತಿಗೆ ಆಧಾರ ಇಲ್ಲ. ಬೆಂಕಿ, ಹೊಗೆ ಇಲ್ಲದಿದ್ದರೂ ವಿಷ ಅಲ್ಲೇ ಇರುತ್ತದೆ.

ದಿನಾ ಇದೇ ನಡೆದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ. ಕತ್ತಿ, ಗುದ್ದಲಿ ಹಿಡಿದು ಅಂಗೈ ಗಟ್ಟಿಯಾಗುತ್ತದಲ್ಲ, ಹಾಗೆ. ಬಾಯಿ ಸದಾ ಒದ್ದೆ ಇರುವುದರಿಂದ ಆ ದಪ್ಪ ಪದರ ಬೆಳ್ಳಗೆ, ಸುಕ್ಕು ಸುಕ್ಕಾಗಿ ಕಾಣುತ್ತದೆ. ಒರೆಸಿದರೆ ಹೋಗುವುದಿಲ್ಲ. ಇಷ್ಟೇ ಆಗಿದ್ದರೆ ತಂಬಾಕು ಬಿಟ್ಟ ಕೆಲವೇ ವಾರಗಳಲ್ಲಿ ಅದು ಕರಗುತ್ತದೆ. ಅಮೆರಿಕದ ವಾಯುಪಡೆಗೆ ಸೇರಿದ ತರಬೇತಿಯ ಹುಡುಗರ ಮೇಲೆ ನಡೆದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ತರಬೇತಿಯಲ್ಲಿ ತಂಬಾಕು ಪೂರ್ತಿ ನಿಷಿದ್ಧ. ಬಾಯಲ್ಲಿ ಬಿಳಿ ಮಚ್ಚೆ ಇದ್ದವರನ್ನು 6 ವಾರ ಬಿಟ್ಟು ನೋಡಿದಾಗ ನೂರಕ್ಕೆ 97 ಮಚ್ಚೆಗಳು ಮಾಯವಾಗಿದ್ದವು. ಅವರು ಎಳೆಯರು, ಅಡಿಕೆ ತಿನ್ನದವರು. ನಿಮ್ಮದು 20 ವರ್ಷದ ಅಭ್ಯಾಸ. ಅದೇ ಫಲ ನಿಮಗೂ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಬಿಟ್ಟರೆ ಬಾಯಿ ವಾಸಿಯಾಗಲು ಪ್ರಯತ್ನಿಸುತ್ತದೆ ಎಂಬುದು ನಿಜ.

ತೊಂದರೆ ಶುರುವಾಗುವುದು ತಂಬಾಕು ಬಿಟ್ಟ ಮೇಲೂ ಮಚ್ಚೆ ಉಳಿದರೆ. ಅದನ್ನು ನಾವು ಲ್ಯೂಕೋಪ್ಲೇಕಿಯಾ ಎನ್ನುತ್ತೇವೆ. ಅದು ಕ್ಯಾನ್ಸರ್ ಅಲ್ಲ. ಆದರೆ ಅಂಥ ನೂರು ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ಯಾರಿಗೆ ತಿರುಗುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಗುರುತುಗಳು ಮಾತ್ರ ಇವೆ. ಒಂದೇ ಸಮ ಬಿಳಿ, ನುಣುಪಾಗಿದ್ದರೆ ಅಪಾಯ ಕಡಿಮೆ. ಗಂಟುಗಂಟಾಗಿದ್ದರೆ, ನಡುವೆ ಕೆಂಪು ಕಂಡರೆ, ಹುಣ್ಣಾದರೆ, ಮುಟ್ಟಿದಾಗ ಅಡಿಭಾಗ ಗಟ್ಟಿಯಾಗಿ ಸಿಕ್ಕರೆ ಒಂದು ದಿನವೂ ಕಾಯಬಾರದು. ಜನ ಬಿಳಿ ಬಣ್ಣಕ್ಕೆ ಹೆದರುತ್ತಾರೆ, ಕೆಂಪನ್ನು ಬಾಯಿಹುಣ್ಣು ಎಂದು ಬಿಟ್ಟುಬಿಡುತ್ತಾರೆ. ನಿಜವಾಗಿ ತುಂಬಾ ಹೆಚ್ಚು ಹೆದರಬೇಕಾದದ್ದು ಮಖಮಲ್ಲಿನಂಥ ಕೆಂಪು ಮಚ್ಚೆಗೆ.

ಸೊಪ್ಪು ಇಡುವ ಜಾಗದಲ್ಲಿ ವಸಡು ಕೆಳಗೆ ಸರಿದು ಹಲ್ಲಿನ ಬೇರು ಕಾಣುತ್ತಿರಬಹುದು, ತಣ್ಣೀರು ಕುಡಿದರೆ ಜುಮ್ಮೆನ್ನಬಹುದು. ಸರಿದ ವಸಡು ತಾನಾಗಿ ಮೇಲೆ ಬರುವುದಿಲ್ಲ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತುವವರು ನಮ್ಮಲ್ಲಿ ಈಗಲೂ ಇದ್ದಾರೆ. ಸ್ವಲ್ಪ ಹೊತ್ತು ಮರಗಟ್ಟಿದ ಹಾಗೆ ಆಗುತ್ತದೆ, ಅಷ್ಟೇ. ಹುಳುಕು ಒಳಗೆ ಬೆಳೆಯುತ್ತಲೇ ಇರುತ್ತದೆ.

ಈಗ ನನಗೆ ಹೆಚ್ಚು ಆತಂಕ ತಂದ ಭಾಗ. ಖಾರ ತಡೆಯಲಾಗದಿರುವುದು ಮತ್ತು ಬಾಯಿ ತೆರೆಯದಿರುವುದು. ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ. ಮೂರೂ ಹೋದರೆ ಸರಿ. ಎರಡೇ ಹೋದರೆ ತೊಂದರೆ ಮುಂದೆ ಹೋಗಿದೆ. ಕೆನ್ನೆಯ ಒಳಭಾಗ ನಸುಗೆಂಪು ಬಿಟ್ಟು ಬಿಳಿಚಿಕೊಂಡಿದೆಯಾ, ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ಸಿಗುತ್ತವಾ ನೋಡಿ. ನಾಲಿಗೆ ಹೊರಚಾಚುವುದು, ಸೀಟಿ ಹೊಡೆಯುವುದು ಕಷ್ಟವಾಗಿದೆಯಾ ಎಂಬುದನ್ನೂ ಗಮನಿಸಿ.

ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರಿದೆ. ಇದಕ್ಕೆ ಮುಖ್ಯ ಕಾರಣ ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಚರ್ಮದ ಅಡಿಯ ಜೀವಕೋಶಗಳನ್ನು ಕೆರಳಿಸಿ ನಾರು ಜಾಸ್ತಿ ಹುಟ್ಟಿಸುತ್ತದೆ. ಅಡಿಕೆಯ ಒಗರು ಅಂಶ ಆ ನಾರು ಕರಗದ ಹಾಗೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರವೂ ಹೆಚ್ಚು. ಅದು ನಾರಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟಲು ನೆರವಾಗುತ್ತದೆ. ಹೀಗೆ ಹುಟ್ಟುವುದು ಹೆಚ್ಚು, ಕರಗುವುದು ಕಡಿಮೆ. ರಕ್ತ ಓಡಾಟ ಕುಗ್ಗುತ್ತದೆ, ಮೇಲಿನ ಪದರ ತೆಳುವಾಗುತ್ತದೆ. ಆಗಲೇ ಕಾಂತಾರಿ ಮೆಣಸಿನ ಒಂದು ಚೂರೂ ಬೆಂಕಿ ತಾಗಿದಂತೆ ಆಗುವುದು.

ಇದೂ ಕ್ಯಾನ್ಸರ್‌ಗೆ ತಿರುಗಬಲ್ಲದು. ನಮ್ಮ ಪಕ್ಕದ ಕೇರಳದಲ್ಲಿ, ಎರ್ನಾಕುಲಂ ಜಿಲ್ಲೆಯಲ್ಲಿ, ಈ ತೊಂದರೆ ಇದ್ದ 66 ಜನರನ್ನು 17 ವರ್ಷ ಗಮನಿಸಿದ್ದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 7.6ರಷ್ಟು ಜನರಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಹೊಗೆಸೊಪ್ಪು ಜೊತೆಗಿಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆ ಇಲ್ಲದ ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಇದನ್ನು ಕೊಡಗಿನಲ್ಲಿ ಹೇಳುವುದು ಸುಲಭವಲ್ಲ, ನನಗೆ ಗೊತ್ತು. ಎಷ್ಟೋ ತೋಟಗಳಲ್ಲಿ ಕಾಫಿಯ ಜೊತೆಗೆ ಅಡಿಕೆ ಮರ ನಿಂತಿವೆ. ಮದುವೆ, ನಾಮಕರಣ, ಹಿರಿಯರ ಕಾರ್ಯ ಯಾವುದೂ ಎಲೆಅಡಿಕೆ ಇಲ್ಲದೆ ನಡೆಯುವುದಿಲ್ಲ. ತಾಂಬೂಲ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮದುವೆಯಲ್ಲಿ ಒಂದು ತಾಂಬೂಲ ಹಾಕಿದವರಿಗೆ ಈ ರೋಗ ಬರುವುದಿಲ್ಲ. ದಿನಾ ಹತ್ತು ಸಲ, ಹತ್ತು ವರ್ಷ ಜಗಿಯುವವರ ಮಾತು ಇದು. ಆದರೆ ನಿಮ್ಮ ಬಾಯಿ ಈಗಾಗಲೇ ಬಿಗಿದಿದೆ. ನಿಮಗೆ ಮಾತ್ರ ಆ ಒಂದು ತಾಂಬೂಲವೂ ಬೇಡ. ಎಲೆಯ ಮೇಲೆ ಆಸೆ ಇದ್ದರೆ ಬರೀ ವೀಳ್ಯದೆಲೆ ಜಗಿಯಿರಿ. ಎಲೆಯಿಂದಲೇ ಕ್ಯಾನ್ಸರ್ ಬರುತ್ತದೆ ಎನ್ನಲು ಪುರಾವೆ ಇಲ್ಲ.

ಪಾನ್ ಮಸಾಲ ಅಂತೂ ಬೇಡವೇ ಬೇಡ. ಅದರಲ್ಲಿ ಎಲೆ ಇಲ್ಲ, ಇರುವುದು ಬಹುಪಾಲು ಒಣ ಅಡಿಕೆಯ ಪುಡಿ. ಎಲೆಅಡಿಕೆಗಿಂತ ಬೇಗ ಬಾಯಿ ಬಿಗಿಸುತ್ತದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಆಮೇಲೆ ಅದೇ ಎರಡು ಪ್ಯಾಕೆಟ್ ಆಗಿ ಬಂತು: ಪಾನ್ ಮಸಾಲ ಒಂದು, ತಂಬಾಕು ಇನ್ನೊಂದು. ಕೊಂಡವರು ಬಾಯಲ್ಲಿ ಸೇರಿಸಿಕೊಳ್ಳುತ್ತಾರೆ. ಇಪ್ಪತ್ತರ ಆಸುಪಾಸಿನ ಹುಡುಗರು ಬಾಯಿ ತೆರೆಯಲಾಗದೆ ಬಂದು ಕುರ್ಚಿಯಲ್ಲಿ ಕೂತಾಗ ನಿಜಕ್ಕೂ ಸಂಕಟವಾಗುತ್ತದೆ. ಪ್ಯಾಕೆಟ್ ಮೇಲೆ ತಂಬಾಕು ಇಲ್ಲ ಎಂದು ಬರೆದಿತ್ತು ಸಾರ್ ಎನ್ನುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಬಾಯಿ ಬಿಗಿಸಿದ್ದು ಅಡಿಕೆ.

ನಿಮ್ಮ ಅಮ್ಮನ ವಿಷಯ. ಅವರಿಗೆ ಏನೂ ಆಗಲಿಲ್ಲ ಎಂಬುದು ಒಳ್ಳೆಯದೇ. ಹೊಗೆಸೊಪ್ಪು ಹಾಕಿದ ಎಲ್ಲರಿಗೂ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ನೆನಪಿನಲ್ಲಿ ಉಳಿಯುವವರು ಬದುಕಿದವರು. ಐವತ್ತಕ್ಕೇ ಗಂಟಲು, ದವಡೆ ಅಂತ ಹೋದವರ ಸಾವಿಗೂ ಸೊಪ್ಪಿಗೂ ಸಂಬಂಧ ಕಟ್ಟಿ ಯಾರೂ ಮಾತಾಡಿರುವುದಿಲ್ಲ. ಮುಖ್ಯವಾಗಿ, ಅವರ ಬಾಯಲ್ಲಿ ಮಚ್ಚೆ ಇರಲಿಲ್ಲ. ನಿಮ್ಮ ಬಾಯಲ್ಲಿ ಇದೆ.

ನೋವಿಲ್ಲ ಎಂದು ಬರೆದಿದ್ದೀರಿ. ನೋವಿಲ್ಲದಿರುವುದು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವು, ಕಿವಿಗೆ ಹೊಡೆಯುವ ಸೆಳೆತ, ಹಲ್ಲು ಅಲ್ಲಾಡುವುದು, ಕುತ್ತಿಗೆಯಲ್ಲಿ ಗಂಟು, ಇವೆಲ್ಲ ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಎರಡು ವಾರದಲ್ಲಿ ಹೋಗದ ಹುಣ್ಣು, ಮಚ್ಚೆ, ಗಂಟು ಯಾವುದೇ ಇರಲಿ, ನೋಯದಿದ್ದರೂ ತೋರಿಸಬೇಕು.

ತುಂಡು ತೆಗೆದರೆ ಹರಡುತ್ತದೆ ಎಂಬ ಮಾತಿನಿಂದ ಆಗಿರುವ ಹಾನಿ ಕಡಿಮೆಯಲ್ಲ. ಈ ಮಾತು ಹುಟ್ಟಿದ್ದಕ್ಕೆ ಕಾರಣ ಅರ್ಥವಾಗುತ್ತದೆ. ಜನ ಕೊನೆಯ ಹಂತದಲ್ಲಿ ಬರುತ್ತಾರೆ. ಪರೀಕ್ಷೆಗೆ ಚೂರು ತೆಗೆಯುತ್ತಾರೆ. ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಾರೆ. ಊರಿನವರಿಗೆ ಕಾಣುವುದು ಕತ್ತರಿ ತಾಗಿದ್ದು ಮತ್ತು ಸಾವು, ಎರಡೇ. ಒಳಗಿನ ಕ್ಯಾನ್ಸರ್ ಅದಕ್ಕೆ ಮೊದಲೇ ಹರಡಿದ್ದು ಕಾಣುವುದಿಲ್ಲ. ಬಾಯಿಂದ ಪರೀಕ್ಷೆಗೆ ಚೂರು ತೆಗೆಯುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಹಲ್ಲು ಕೀಳುವಾಗ ಕೊಡುವಂಥ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರು ತೆಗೆದು ಒಂದೆರಡು ಹೊಲಿಗೆ ಹಾಕುತ್ತೇವೆ. ಎರಡು ಮೂರು ದಿನ ಮೆತ್ತಗಿನ ಊಟ. ಸ್ವಲ್ಪ ರಕ್ತ, ಊತ ಬರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಜೀವಕೋಶಗಳು ಬದಲಾಗಿವೆಯಾ, ಎಷ್ಟು ಬದಲಾಗಿವೆ ಎಂಬುದು ಸರಿಯಾಗಿ ಗೊತ್ತಾಗುವುದು ಈ ಪರೀಕ್ಷೆಯಿಂದ.

ಎಲ್ಲಿಗೆ ಹೋಗಬೇಕು? ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಓರಲ್ ಮೆಡಿಸಿನ್ ವಿಭಾಗ ಕೇಳಿ. ನಿಮಗೆ ಮಡಿಕೇರಿ ಹತ್ತಿರವಾದರೆ ಸರ್ಕಾರಿ ಬೋಧಕ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂದರೂ ದಾರಿ ಮುಚ್ಚಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಮೈಸೂರು, ಮಂಗಳೂರಿನಲ್ಲೂ ಚಿಕಿತ್ಸೆ ಸಿಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಶುರುವಿನ ಹಂತದಲ್ಲಿ ಸಿಕ್ಕರೆ ಬರೀ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುವ ಸಾಧ್ಯತೆ ಚೆನ್ನಾಗಿರುತ್ತದೆ.

ಬಾಯಿ ಬಿಗಿತಕ್ಕೆ ಏನು ಮಾಡಬಹುದು? ಮೊದಲನೆಯದು ಅಡಿಕೆ ಪೂರ್ತಿ ನಿಲ್ಲಿಸುವುದು. ಅದಿಲ್ಲದೆ ಉಳಿದ ಯಾವುದೂ ಫಲ ಕೊಡುವುದಿಲ್ಲ. ಕೆನ್ನೆಗೆ ಸ್ಟೀರಾಯ್ಡ್ ಮತ್ತು ಹಯಲ್ಯುರಾನಿಡೇಸ್ ಇಂಜೆಕ್ಷನ್ ಕೊಡುತ್ತೇವೆ. ಉರಿ ಕಡಿಮೆಯಾಗುತ್ತದೆ, ಬಾಯಿ ಸ್ವಲ್ಪ ಸಡಿಲವಾಗುತ್ತದೆ. ನೋವಾಗುತ್ತದೆ, ಕೆಲವು ವಾರ ಬರಬೇಕು, ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಏರಬಹುದು. ಅದಕ್ಕಿಂತ ಮುಖ್ಯ ಬಾಯಿ ತೆರೆಯುವ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಸೇರಿಸುತ್ತಾ ಹೋಗುವುದು. ಬೇಸರದ ಕೆಲಸ, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಿದವರಿಗೆ ಫಲ ಸಿಗುತ್ತದೆ. ತೀರಾ ಬಿಗಿದವರಿಗೆ ಶಸ್ತ್ರಚಿಕಿತ್ಸೆ ಇದೆ. ಅದಾದ ಮೇಲೆ ವ್ಯಾಯಾಮ ಬಿಟ್ಟರೆ ಮತ್ತೆ ಬಿಗಿಯುತ್ತದೆ.

ಇನ್ನು ಬಿಡುವುದು. ಇಪ್ಪತ್ತು ವರ್ಷದ ಚಟ ಮನಸ್ಸು ಗಟ್ಟಿ ಮಾಡಿಕೊಂಡ ಮಾತ್ರಕ್ಕೆ ಹೋಗುವುದಿಲ್ಲ. ಕೆಲವರಿಗೆ ಹೋಗುತ್ತದೆ, ಹೆಚ್ಚಿನವರಿಗೆ ಇಲ್ಲ. ಅದು ನಿಮ್ಮ ದೌರ್ಬಲ್ಯವಲ್ಲ. ನಿಕೋಟಿನ್‌ಗೆ ಮೆದುಳು ಒಗ್ಗಿಹೋಗಿದೆ. ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ. ಸಿಟ್ಟು, ನಿದ್ದೆ ಇಲ್ಲದಿರುವುದು, ಬಾಯಿ ಖಾಲಿ ಖಾಲಿ ಅನಿಸುವುದು. ಮೂರು ನಾಲ್ಕು ವಾರದಲ್ಲಿ ಹಗುರಾಗುತ್ತದೆ. ದಿನಾ ಒಂದೊಂದು ಕಡಿಮೆ ಮಾಡುತ್ತೇನೆ ಎನ್ನುವವರಿಗಿಂತ ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸುವವರು ಗೆಲ್ಲುವುದನ್ನು ನಾನು ಹೆಚ್ಚು ನೋಡಿದ್ದೇನೆ.

ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಹಾಗೆ ಒಂದೇ ಸಮನೆ ಜಗಿಯಬಾರದು. ನಿಧಾನವಾಗಿ ಜಗಿದು, ಚುರುಚುರು ಅನಿಸಿದಾಗ ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು. ನಮ್ಮ ಕಡೆಯವರಿಗೆ ಒಂದು ವಿಷಯ ಹೇಳಲೇಬೇಕು. ಕಾಫಿ ಕುಡಿದ ಕೂಡಲೇ ಗಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಕಾಫಿಯ ಹುಳಿ ಅಂಶ ನಿಕೋಟಿನ್ ಒಳಗೆ ಹೋಗುವುದನ್ನು ತಡೆಯುತ್ತದೆ. ಮುಂಚೆ 15 ನಿಮಿಷ ಕಾಫಿ ಬೇಡ, ಬಾಯಲ್ಲಿ ಗಮ್ ಇರುವಾಗಲೂ ಬೇಡ. ಆದರೆ ನಿಮ್ಮ ಬಾಯಿ ಉರಿಯುತ್ತಿದೆ, ದವಡೆ ಬಿಗಿದಿದೆ. ನಿಮಗೆ ಗಮ್‌ಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಪಟ್ಟಿ ಹಾಕಿದ ಜಾಗ ಕೆಂಪಾಗಬಹುದು, ತುರಿಸಬಹುದು. ಜಾಗ ಬದಲಿಸುತ್ತಾ ಇದ್ದರೆ ಸಾಕು. ವರೆನಿಕ್ಲಿನ್ ಎಂಬ ಮಾತ್ರೆಯೂ ಇದೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ವಿಚಿತ್ರ ಕನಸು ಬೀಳುತ್ತದೆ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ ನಿಕೋಟಿನ್ ಇರುವ ಯಾವುದನ್ನೂ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಕನ್ನಡದಲ್ಲೂ ಮಾತಾಡುತ್ತಾರೆ.

ನಿಮಗೆ ಮಳೆಗಾಲ ಕಠಿಣ ಪರೀಕ್ಷೆ. ಚಳಿ, ಜಿಗಣೆ, ಕೊಡೆ, ದಿನವಿಡೀ ಒದ್ದೆ. ಜಿಗಣೆಗೆ ಅಂತ ಹೊಗೆಸೊಪ್ಪು, ಸುಣ್ಣ ಸೊಂಟದಲ್ಲೇ ಇರುತ್ತದೆ. ಕಾಲಿಗೆ ತಂದದ್ದು ಬಾಯಿಗೆ ಹೋಗುತ್ತದೆ. ಜಿಗಣೆಗೆ ಉಪ್ಪು ಸಾಕು, ಉದ್ದ ಸಾಕ್ಸ್ ಇನ್ನೂ ಒಳ್ಳೆಯದು. ಸೊಪ್ಪನ್ನು ತೋಟಕ್ಕೆ ಒಯ್ಯಲೇಬೇಡಿ. ಮೈ ಬೆಚ್ಚಗಾಗುತ್ತದೆ ಅನಿಸುವುದು ನಿಕೋಟಿನ್‌ನ ಭ್ರಮೆ. ಅದು ಕೈಕಾಲಿನ ರಕ್ತನಾಳವನ್ನು ಕುಗ್ಗಿಸುತ್ತದೆ.

ಕೊನೆಗೆ ನಿಮ್ಮ ಕೆಲಸದವರು. ಅವರ ಬಗ್ಗೆ ಕೇಳಿದ್ದಕ್ಕೆ ತುಂಬಾ ಸಂತೋಷವಾಯಿತು. ಖಂಡಿತ ತೋರಿಸಿ. ಇದಕ್ಕೆ ದೊಡ್ಡ ಯಂತ್ರ ಬೇಡ. ತಿರುವನಂತಪುರದಲ್ಲಿ 1996ರಲ್ಲಿ ಶುರುವಾದ ಒಂದು ದೊಡ್ಡ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಬಿಟ್ಟು ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿ ಮಾಡಿದರು. ನೀವೂ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಆರೋಗ್ಯ ಕೇಂದ್ರದಿಂದ ಒಂದು ದಿನ ಗೊತ್ತು ಮಾಡಿಸಿ. ಆ ದಿನದ ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಬರುವುದಿಲ್ಲ. ಹೆಂಗಸರನ್ನು ಮರೆಯಬೇಡಿ. ಗರ್ಭಿಣಿಯರು ಹೊಗೆಸೊಪ್ಪು ಹಾಕಿದರೆ ಮಗುವಿನ ತೂಕ ಕಡಿಮೆಯಾಗುವ, ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಹೆಚ್ಚು. ಲೈನಿನಲ್ಲಿ ಯಾರಾದರೂ ಬಸುರಿ ಇದ್ದರೆ ಅವರನ್ನು ಮೊದಲು ಕಳಿಸಿ.

ನಿಮ್ಮ ಪರೀಕ್ಷೆಯಲ್ಲಿ ಜೀವಕೋಶ ಬದಲಾಗಿಲ್ಲ ಎಂದು ಬಂದರೂ ಮೂರು ತಿಂಗಳಿಗೊಮ್ಮೆ ತೋರಿಸಿ. ಮಚ್ಚೆ ಪೂರ್ತಿ ಹೋದ ಮೇಲೆ ಆರು ತಿಂಗಳಿಗೊಮ್ಮೆ ಸಾಕು. ಮೊದಲ ಸಲ ಹೋದಾಗ ಮೊಬೈಲಿನಲ್ಲಿ ಮಚ್ಚೆಯ ಫೋಟೋ ತೆಗೆಸಿಕೊಳ್ಳಿ, ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಡಾಕ್ಟರ್ ಇದ್ದರೂ ಹೋಲಿಸಿ ನೋಡಬಹುದು.